ದತ್ತಸಂಚಯಗಳ ರಚನೆಯಲ್ಲಿ ಪೂರ್ವಕೃತಿಯೂ ಸ್ವಕೃತಿಯೂ

೧. ಪೀಠಿಕೆ

ಗಣಕಯಂತ್ರದ ವಿದ್ಯೆಯನ್ನು ಹೊಸದಾಗಿ ಕಲಿಯತೊಡಗಿದವನಿಗೆ ಬಹುಬೇಗನೆ ಎದುರಾಗುವ ಪ್ರಶ್ನೆಯೊಂದುಂಟು. ಶಬ್ದಗಳ ಪಟ್ಟಿ, ಓಲೆಯ ಪ್ರತಿಗಳ ಸೂಚಿ, ಶಾಸನಗಳ ಅನುಕ್ರಮಣಿಕೆ ಮುಂತಾದ ಯಾವುದೋ ಒಂದು ಸಂಗ್ರಹವನ್ನು ಯಂತ್ರದಲ್ಲಿ ಕಾಪಾಡಬೇಕು. ಬೇಕಾದಾಗ ಬೇಕಾದುದನ್ನು ಹುಡುಕಿ ತೆಗೆಯುವಂತೆಯೂ ಮಾಡಬೇಕು. ಹೀಗೆ ಕಾಪಾಡಿ ಹುಡುಕಿಕೊಡುವ ವ್ಯವಸ್ಥೆಗೆ ಡೇಟಾಬೇಸ್ ಎಂದು ಹೆಸರು. ಕನ್ನಡದಲ್ಲಿ ಇದನ್ನು ದತ್ತಸಂಚಯವೆನ್ನುವುದುಂಟು. ಇದಕ್ಕಾಗಿ ಹಿಂದಿನವರು ಬರೆದು, ಪರೀಕ್ಷಿಸಿ, ಎಲ್ಲರಿಗೂ ದೊರೆಯುವಂತೆ ಇಟ್ಟಿರುವ ತಂತ್ರಾಂಶವನ್ನೇ ತೆಗೆದುಕೊಳ್ಳಬೇಕೆ, ಇಲ್ಲವೆ ಮೊದಲಿನಿಂದ ಕೊನೆಯವರೆಗೆ ತಾನೇ ಬರೆಯಬೇಕೆ?

ಈ ವಿಷಯದಲ್ಲಿ ಎರಡು ಮತಗಳಿವೆ. ಪರರು ಮಾಡಿಟ್ಟುದನ್ನು ತೆಗೆದುಕೊಂಡವನು ಅದರ ಮರ್ಮವನ್ನು ಎಂದಿಗೂ ಅರಿಯನೆಂದು ಒಂದು ಪಕ್ಷ. ಪೂರ್ವಿಕರು ಬಿಡಿಸಿದ ಗಂಟನ್ನು ಮತ್ತೆ ಬಿಡಿಸಲು ಹೋಗುವುದು ಬರಿಯ ಹಮ್ಮೆಂದು ಇನ್ನೊಂದು ಪಕ್ಷ. ಎರಡನ್ನೂ ಸೂತ್ರಗಳಂತೆ ಪಠಿಸುವವರು ಬಹು ಮಂದಿ. ಚರಿತ್ರೆಯನ್ನು ಸಾಕ್ಷಿಗೆ ಕರೆಯುವವರು ವಿರಳ. ಆದುದರಿಂದ ದತ್ತಸಂಚಯಗಳನ್ನು ನಿರ್ಮಿಸಿದವರು ವಾಸ್ತವವಾಗಿ ಹೇಗೆ ನಡೆದುಕೊಂಡರೆಂಬುದನ್ನು ಪರಿಶೀಲಿಸಿ, ಅದರಿಂದ ಹೊಸಬನಿಗೆ ಯಾವ ನಿರ್ಣಯವು ಲಭಿಸುವುದೆಂಬುದನ್ನು ಈ ಲೇಖನದಲ್ಲಿ ವಿಚಾರಿಸಲಾಗಿದೆ. ಸಾಹಿತ್ಯವನ್ನು ಓದಿಸುವವರಿಗೆ ಈ ಪ್ರಶ್ನೆಯು ತೀರ ಅಪರಿಚಿತವೇನೂ ಅಲ್ಲ. ವ್ಯಾಸಭಾರತದ ಕಥೆಯನ್ನು ತೆಗೆದುಕೊಂಡೂ ಅರಿಕೇಸರಿಯನ್ನು ಅರ್ಜುನನೊಡನೆ ಹೊಂದಿಸಿ ಪಂಪನು ಹೊಸ ಕಾವ್ಯವನ್ನು ಕಟ್ಟಿದನಷ್ಟೆ. ತೆಗೆದುಕೊಂಡುದೆಷ್ಟು, ಕಟ್ಟಿದುದೆಷ್ಟು ಎಂಬ ವಿಚಾರವು ನಮ್ಮಲ್ಲಿ ಹಳೆಯದೇ ಸರಿ.

೨. ಪೂರ್ವಕೃತಿಯ ಬಳಕೆಯ ಮೂಲ

ಪೂರ್ವಕೃತಿಯ ಬಳಕೆಯು ಸೋಮಾರಿತನದ ಕಾಲದಲ್ಲಿ ಹುಟ್ಟಿದ ಪದ್ಧತಿಯೆಂದು ಕೆಲವರು ಭಾವಿಸಿರುವರು. ಇದು ಸರಿಯಲ್ಲ, ಈ ಪದ್ಧತಿಯು ಗಣಕಯಂತ್ರದಷ್ಟೇ ಪ್ರಾಚೀನವಾದುದು. ೧೯೪೯ರ ಮೇ ೬ರಂದು ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಎಡ್ಸಾಕ್ ಎಂಬ ಯಂತ್ರವು ತನ್ನ ಮೊದಲ ಪ್ರೋಗ್ರಾಮನ್ನು ನಡೆಸಿತು. ಪ್ರೋಗ್ರಾಂ ಎಂದರೆ ಯಂತ್ರವು ಒಂದಾದ ಮೇಲೊಂದರಂತೆ ನಡೆಸಬೇಕಾದ ಆಜ್ಞೆಗಳ ಸರಣಿ. ಯಂತ್ರದ ನಿರ್ಮಾಪಕರಾದ ಮೋರಿಸ್ ವಿಲ್ಕ್ಸ್ ಅವರು ತಮ್ಮ ಆಯುಷ್ಯದ ದೊಡ್ಡದೊಂದು ಭಾಗವು ತಾವೇ ಬರೆದ ಪ್ರೋಗ್ರಾಮುಗಳ ತಪ್ಪುಗಳನ್ನು ಹುಡುಕುವುದರಲ್ಲಿಯೇ ಕಳೆಯುವುದೆಂಬ ಅರಿವು ಆ ದಿನಗಳಲ್ಲಿಯೇ ತಮಗೆ ಆಯಿತೆಂದು ಆತ್ಮಚರಿತ್ರೆಯಲ್ಲಿ ಬರೆದಿರುವರು.

ಈ ಸಂಕಟಕ್ಕೆ ಅವರು ಕಂಡುಕೊಂಡ ಪರಿಹಾರವು ಪುಸ್ತಕಭಂಡಾರದ ರೀತಿಯದು. ಮತ್ತೆಮತ್ತೆ ಬೇಕಾಗುವ ಲೆಕ್ಕಗಳ ಆಜ್ಞಾಸರಣಿಗಳನ್ನು ಒಮ್ಮೆ ಎಚ್ಚರಿಕೆಯಿಂದ ಬರೆದು, ಪರೀಕ್ಷಿಸಿ, ರಂಧ್ರಗಳುಳ್ಳ ಕಾಗದದ ಪಟ್ಟಿಗಳಲ್ಲಿ ಇಟ್ಟರು. ಬೇಕಾದವರು ಅದನ್ನು ತೆಗೆದು ತಮ್ಮ ಪಟ್ಟಿಗೆ ಪ್ರತಿಮಾಡಿಕೊಳ್ಳುವರು. ವಿಲ್ಕ್ಸ್, ಡೇವಿಡ್ ವೀಲರ್, ಸ್ಟ್ಯಾನ್ಲಿ ಗಿಲ್ ಈ ಮೂವರು ೧೯೫೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಭಂಡಾರವೇ ಮುಖ್ಯ ವಿಷಯ. ಪರೀಕ್ಷಿತವಾದುದನ್ನು ಮರಳಿ ಬಳಸುವುದು ತಪ್ಪುಗಳನ್ನು ಕಡಮೆಮಾಡುವ ಉಪಾಯವಾಗಿಯೇ ಹುಟ್ಟಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

೩. ದತ್ತಸಂಚಯದ ಉದಯ

ಗಣಿತದ ಲೆಕ್ಕಗಳಿಗೆ ಹೀಗೆ ಭಂಡಾರವು ದೊರೆತರೂ ಸಂಗ್ರಹಗಳನ್ನು ಕಾಪಾಡುವ ಕೆಲಸವು ಬಹುಕಾಲ ಪ್ರತಿಯೊಬ್ಬನ ಸ್ವಂತ ಹೊಣೆಯಾಗಿಯೇ ಉಳಿಯಿತು. ಒಂದೊಂದು ಪ್ರೋಗ್ರಾಮಿಗೂ ತನ್ನದೇ ಆದ ಕಡತದ ವಿನ್ಯಾಸವಿರುತ್ತಿತ್ತು. ವಿನ್ಯಾಸವನ್ನು ಬದಲಾಯಿಸಿದರೆ ಅದನ್ನು ಓದುವ ಪ್ರೋಗ್ರಾಮುಗಳನ್ನೆಲ್ಲ ತಿದ್ದಬೇಕಾಗುತ್ತಿತ್ತು. ೧೯೬೦ರ ದಶಕದ ಆರಂಭದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಚಾರ್ಲ್ಸ್ ಬಾಕ್‌ಮನ್ ಅವರು ಎಲ್ಲ ಪ್ರೋಗ್ರಾಮುಗಳಿಗೂ ಸಾಧಾರಣವಾದ ಒಂದು ಸಂಗ್ರಹವ್ಯವಸ್ಥೆಯನ್ನು ರಚಿಸಿದರು. ೧೯೭೦ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಅವರು ದತ್ತಗಳನ್ನು ಕೋಷ್ಟಕಗಳಾಗಿ ಭಾವಿಸಿ, ಅವು ಯಂತ್ರದಲ್ಲಿ ಎಲ್ಲಿ ಹೇಗೆ ಇವೆಯೆಂಬುದನ್ನು ಬಳಸುವವನು ತಿಳಿಯಬೇಕಾಗಿಲ್ಲವೆಂಬ ಸಿದ್ಧಾಂತವನ್ನು ಪ್ರತಿಪಾದಿಸಿದರು. ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಅವರು ೧೯೭೪ರಲ್ಲಿ ಪ್ರಕಟಿಸಿದ ಪ್ರಶ್ನಭಾಷೆಯು ಮುಂದೆ ಎಸ್‌ಕ್ಯೂಎಲ್ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು. ಬೋಯಿಂಗ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದ ಬಾಯರ್ ಮತ್ತು ಮೆಕ್ರೈಟ್ ಅವರು ೧೯೭೨ರಲ್ಲಿ ಪ್ರಕಟಿಸಿದ ಬಿ-ವೃಕ್ಷವೆಂಬ ವಿನ್ಯಾಸವು ಲಕ್ಷಾಂತರ ನಮೂದುಗಳ ನಡುವೆಯೂ ಕೆಲವೇ ಹೆಜ್ಜೆಗಳಲ್ಲಿ ಬೇಕಾದುದನ್ನು ತಲಪುವ ಮಾರ್ಗವನ್ನು ತೋರಿತು.

ಸಿದ್ಧಾಂತ, ಭಾಷೆ, ವೃಕ್ಷ ಈ ಮೂರೂ ವಿದ್ಯೆಗಳು. ಇವುಗಳನ್ನು ಯಂತ್ರಕ್ಕೆ ತಿಳಿಯುವಂತೆ ಬರೆದ ಪ್ರೋಗ್ರಾಮುಗಳು ಕೃತಿಗಳು. ವಿದ್ಯೆಯನ್ನು ಸ್ವೀಕರಿಸುವುದು ಬೇರೆ, ಕೃತಿಯನ್ನು ಸ್ವೀಕರಿಸುವುದು ಬೇರೆ. ಮುಂದಿನ ಚರಿತ್ರೆಯನ್ನು ಓದುವಾಗ ಈ ಭೇದವನ್ನು ನೆನಪಿನಲ್ಲಿಡಬೇಕು.

೪. ಒಂದೇ ಮೂಲದಿಂದ ಎರಡು ಮಾರ್ಗಗಳು

ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಮೈಕಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ ೧೯೮೬ರಲ್ಲಿ ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯದ ರಚನೆಯು ಮೊದಲಾಯಿತು. ಇದರ ಪ್ರಶ್ನಭಾಷೆಯು ಎಸ್‌ಕ್ಯೂಎಲ್ ಆಗಿರದೆ ಬೇರೊಂದಾಗಿತ್ತು. ಈ ಒಂದು ಕೊರತೆಯನ್ನು ಎದುರಿಸಿದವರು ಎರಡು ಬೇರೆ ದಾರಿಗಳನ್ನು ಹಿಡಿದುದು ನಮ್ಮ ವಿಚಾರಕ್ಕೆ ಉತ್ತಮ ಸಾಕ್ಷಿಯಾಗಿದೆ.

ಆಸ್ಟ್ರೇಲಿಯದ ಡೇವಿಡ್ ಹ್ಯೂಸ್ ಅವರು ಜಾಲಗಳ ಮೇಲ್ವಿಚಾರಣೆಗಾಗಿ ಒಂದು ತಂತ್ರಾಂಶವನ್ನು ರಚಿಸುತ್ತಿದ್ದರು. ಅದಕ್ಕೆ ಪೋಸ್ಟ್‌ಗ್ರೆಸನ್ನು ಆಶ್ರಯಿಸಿ, ಎಸ್‌ಕ್ಯೂಎಲ್ ಪ್ರಶ್ನೆಗಳನ್ನು ಅದರ ಭಾಷೆಗೆ ತಿರುಗಿಸುವ ಅನುವಾದಕವೊಂದನ್ನು ಮೊದಲು ಬರೆದರು. ತಮ್ಮ ಕೆಲಸಕ್ಕೂ ತಮ್ಮಲ್ಲಿದ್ದ ಯಂತ್ರಗಳಿಗೂ ಪೋಸ್ಟ್‌ಗ್ರೆಸ್ ಅತಿಭಾರವೆಂದು ಅನುಭವದಿಂದ ತಿಳಿದ ಮೇಲೆ ತಾವೇ ಹಗುರವಾದ ದತ್ತಸಂಚಯವನ್ನು ಕಟ್ಟಿದರು. ೧೯೯೪ರಲ್ಲಿ ಹೊರಬಂದ ಇದಕ್ಕೆ ಎಂಎಸ್‌ಕ್ಯೂಎಲ್ ಎಂದು ಹೆಸರು.

ಅದೇ ೧೯೯೪ರಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು, ಆಂಡ್ರ್ಯೂ ಯು ಮತ್ತು ಜಾಲಿ ಚೆನ್, ಹಳೆಯ ಕೃತಿಯನ್ನು ಬಿಡದೆ ಅದರೊಳಕ್ಕೇ ಎಸ್‌ಕ್ಯೂಎಲ್ ಭಾಷೆಯನ್ನು ಸೇರಿಸಿದರು. ಸೇರಿಸಿದುದು ಮಾತ್ರವಲ್ಲದೆ ಬೇಡವಾದುದನ್ನು ತೆಗೆದುಹಾಕಿದರು. ಕೃತಿಯ ಗಾತ್ರವು ಶೇಕಡ ೨೫ರಷ್ಟು ತಗ್ಗಿತು, ಒಂದು ಪ್ರಸಿದ್ಧ ಪರೀಕ್ಷೆಯಲ್ಲಿ ವೇಗವು ಶೇಕಡ ೩೦ರಿಂದ ೫೦ರಷ್ಟು ಹೆಚ್ಚಿತು. ಇದೇ ೧೯೯೬ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಹೆಸರನ್ನು ತಾಳಿ ಇಂದಿಗೂ ಬೆಳೆಯುತ್ತಿರುವ ಮಹಾಕೃತಿ. ಪರಕೃತಿಯನ್ನು ತೆಗೆದುಕೊಂಡವನು ಅದರ ಮರ್ಮವನ್ನು ಅರಿಯನೆಂಬ ಮತಕ್ಕೆ ಇದು ನೇರವಾದ ಬಾಧಕ. ಏಕೆಂದರೆ ಅರಿಯದೆ ನಾಲ್ಕರಲ್ಲೊಂದು ಪಾಲನ್ನು ಕತ್ತರಿಸಿ ವೇಗವನ್ನು ಹೆಚ್ಚಿಸುವುದು ಸಾಧ್ಯವಿಲ್ಲ.

ಹ್ಯೂಸ್ ಅವರ ಕೃತಿಯ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. ಮೈಕಲ್ ವಿಡೇನಿಯಸ್ ಅವರು ತಮ್ಮಲ್ಲಿದ್ದ ವೇಗವಾದ ಕಡತವ್ಯವಸ್ಥೆಗೆ ಎಂಎಸ್‌ಕ್ಯೂಎಲನ್ನು ಜೋಡಿಸಲು ಯತ್ನಿಸಿ, ಅದು ತಮಗೆ ಬೇಕಾದಷ್ಟು ವೇಗವಾಗಿಯೂ ಒಗ್ಗುವಂತೆಯೂ ಇಲ್ಲವೆಂದು ಕಂಡು, ಹೊಸ ಪ್ರಶ್ನಭಾಗವನ್ನು ಬರೆದರು. ೧೯೯೫ರ ಮೈಎಸ್‌ಕ್ಯೂಎಲ್ ಹೀಗೆ ಹುಟ್ಟಿತು. ಆದರೆ ಹೊರಗಿನಿಂದ ಅದನ್ನು ಕರೆಯುವ ರೀತಿಯನ್ನು ಮಾತ್ರ ಬಹುಮಟ್ಟಿಗೆ ಎಂಎಸ್‌ಕ್ಯೂಎಲಿನಂತೆಯೇ ಉಳಿಸಿಕೊಂಡರು; ಹಳೆಯದಕ್ಕಾಗಿ ಬರೆದ ಪ್ರೋಗ್ರಾಮುಗಳು ಸುಲಭವಾಗಿ ಹೊಸದಕ್ಕೆ ಹೊಂದಲೆಂಬುದೇ ಇದರ ಉದ್ದೇಶ. ಹ್ಯೂಸ್ ಮತ್ತು ವಿಡೇನಿಯಸ್ ಇಬ್ಬರೂ ಮೊದಲು ಪೂರ್ವಕೃತಿಯನ್ನು ಬಳಸಿ, ಅದರ ಕೊರತೆಯನ್ನು ತಮ್ಮ ಕೆಲಸದಲ್ಲಿಯೇ ಕಂಡುಕೊಂಡು, ಅನಂತರ ಸ್ವಕೃತಿಗೆ ಕೈಹಾಕಿದರೆಂಬುದನ್ನು ವಾಚಕರು ಗಮನಿಸಬೇಕು.

೫. ಎಸ್‌ಕ್ಯೂಲೈಟಿನ ದೃಷ್ಟಾಂತ

ಸ್ವಂತವಾಗಿ ಕಟ್ಟುವವರ ಪಕ್ಷವು ಸಾಮಾನ್ಯವಾಗಿ ಮುಂದಿಡುವ ಉದಾಹರಣೆಯು ಎಸ್‌ಕ್ಯೂಲೈಟ್. ಇದನ್ನು ರಚಿಸಿದ ರಿಚರ್ಡ್ ಹಿಪ್ ಅವರು ಪ್ರೋಗ್ರಾಂ ರಚನೆಯಲ್ಲಿ ನುರಿತವರಾಗಿದ್ದರೂ ದತ್ತಸಂಚಯಗಳ ಒಳರಚನೆಯ ಮಟ್ಟಿಗೆ ಹೊಸಬರೇ ಆಗಿದ್ದರು. ಆದುದರಿಂದ ಈ ದೃಷ್ಟಾಂತವನ್ನು ವಿಸ್ತಾರವಾಗಿ ನೋಡುವುದು ಯುಕ್ತ.

ಹಿಪ್ ಅವರು ಅಮೆರಿಕದ ನೌಕಾಪಡೆಯ ಯುದ್ಧನೌಕೆಯೊಂದಕ್ಕೆ ತಂತ್ರಾಂಶವನ್ನು ಬರೆಯುತ್ತಿದ್ದರು. ನೌಕೆಗೆ ಪೆಟ್ಟು ಬಿದ್ದಾಗ ಯಾವ ಕೊಳವೆಯನ್ನು ಮುಚ್ಚಿ ಯಾವುದನ್ನು ತೆರೆಯಬೇಕೆಂಬುದನ್ನು ತಿಳಿಸುವುದು ಅದರ ಕೆಲಸ. ಇದಕ್ಕೆ ಬೇಕಾದ ದತ್ತಗಳು ಬೇರೊಂದು ಸರ್ವರಿನಲ್ಲಿದ್ದ ವ್ಯಾಪಾರೀ ದತ್ತಸಂಚಯದಲ್ಲಿದ್ದುವು. ಆ ಸರ್ವರು ನಿಂತರೆ ಈ ತಂತ್ರಾಂಶವೂ ನಿಷ್ಪ್ರಯೋಜಕವಾಗುತ್ತಿತ್ತು. ನೌಕೆಗೆ ಪೆಟ್ಟು ಬಿದ್ದ ಸಮಯದಲ್ಲಿ ನಡೆಯಬೇಕಾದ ತಂತ್ರಾಂಶವು ಇನ್ನೊಂದು ಯಂತ್ರದ ಕ್ಷೇಮವನ್ನು ಅವಲಂಬಿಸಿರುವುದು ಅಸಂಗತವಲ್ಲವೆ? ದತ್ತಗಳನ್ನು ನೇರವಾಗಿ ತನ್ನ ಯಂತ್ರದ ಕಡತದಿಂದಲೇ ಓದುವ, ಸರ್ವರೇ ಬೇಡದ ದತ್ತಸಂಚಯವೇಕಿರಬಾರದೆಂಬ ಆಲೋಚನೆಯು ಹೀಗೆ ಹುಟ್ಟಿತು. ೨೦೦೦ದ ಮೇ ತಿಂಗಳಲ್ಲಿ ಬರೆಯಲು ಮೊದಲುಮಾಡಿ, ಅದೇ ವರ್ಷದ ಆಗಸ್ಟಿನಲ್ಲಿ ಮೊದಲ ಆವೃತ್ತಿಯನ್ನು ಹೊರತಂದರು.

ಇಲ್ಲಿ ಬಹು ಮಂದಿ ಮರೆಯುವ ಸಂಗತಿಯೊಂದಿದೆ. ಈ ಮೊದಲ ಆವೃತ್ತಿಯು ಸಂಪೂರ್ಣವಾಗಿ ಸ್ವಕೃತಿಯಾಗಿರಲಿಲ್ಲ. ಪ್ರಶ್ನೆಯನ್ನು ಗ್ರಹಿಸಿ ನಡೆಸುವ ಮೇಲ್ಭಾಗವನ್ನು ಹಿಪ್ ಬರೆದರು. ದತ್ತಗಳನ್ನು ಕಡತದಲ್ಲಿ ಇಡುವ ತಳಭಾಗಕ್ಕೆ ಜಿಡಿಬಿಎಂ ಎಂಬ ಪೂರ್ವಕೃತಿಯನ್ನೇ ಬಳಸಿದರು. ಜಿಡಿಬಿಎಂ ನಮೂದುಗಳನ್ನು ಕ್ರಮವಾಗಿ ಇಡುತ್ತಿರಲಿಲ್ಲ; ಅರ್ಧದಲ್ಲಿ ನಿಂತ ಬದಲಾವಣೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಅನುಕೂಲವೂ ಅದರಲ್ಲಿರಲಿಲ್ಲ. ಈ ಕೊರತೆಗಳು ಕೆಲಸದಲ್ಲಿ ತೋರಿದ ಮೇಲೆಯೇ ಹಿಪ್ ತಮ್ಮದೇ ಬಿ-ವೃಕ್ಷವನ್ನು ಬರೆದರು. ೨೦೦೧ರ ಸೆಪ್ಟೆಂಬರಿನ ಎರಡನೆಯ ಆವೃತ್ತಿಯಲ್ಲಿ ಅದು ಜಿಡಿಬಿಎಂನ ಸ್ಥಾನವನ್ನು ಪಡೆಯಿತು.

ಆ ವೃಕ್ಷವನ್ನು ಬರೆದ ರೀತಿಯೂ ಉಪಾಧ್ಯಾಯರ ಮನಸ್ಸನ್ನು ಸೆಳೆಯುವಂತಹುದು. ಡೊನಾಲ್ಡ್ ಕನೂತ್ ಅವರ ಸುಪ್ರಸಿದ್ಧ ಗ್ರಂಥವನ್ನು ತೆರೆದು ನೋಡಿದಾಗ ಹುಡುಕುವ ಕ್ರಮವೂ ಸೇರಿಸುವ ಕ್ರಮವೂ ಅಲ್ಲಿ ವಿವರಿಸಲ್ಪಟ್ಟಿದ್ದುವು. ತೆಗೆದುಹಾಕುವ ಕ್ರಮವನ್ನು ಮಾತ್ರ ಓದುಗನಿಗೆ ಅಭ್ಯಾಸವಾಗಿ ಬಿಟ್ಟಿದ್ದಿತು. ಆ ಅಭ್ಯಾಸವನ್ನು ಬಿಡಿಸಿಯೇ ತಾವು ಮುಂದುವರಿಯಬೇಕಾಯಿತೆಂದು ಹಿಪ್ ಹೇಳಿಕೊಂಡಿರುವರು. ಪಾಠದ ಕೊನೆಯ ಅಭ್ಯಾಸವನ್ನು ಬಿಟ್ಟುಬಿಡುವ ವಿದ್ಯಾರ್ಥಿಗಳಿಗೆ ಹೇಳಬೇಕಾದ ಕಥೆಯಿದು! ಇನ್ನು, ಪ್ರಶ್ನೆಯೊಂದರ ಅರ್ಥದಲ್ಲಿ ಸಂದೇಹ ಬಂದಾಗಲೆಲ್ಲ ಪೋಸ್ಟ್‌ಗ್ರೆಸ್‌ಕ್ಯೂಎಲ್ ಏನು ಉತ್ತರ ಕೊಡುವುದೆಂದು ನೋಡಿ ಅದನ್ನೇ ಪ್ರಮಾಣವಾಗಿ ಇಟ್ಟುಕೊಂಡರೆಂಬುದನ್ನೂ ಅವರೇ ತಿಳಿಸಿರುವರು. ಭಾಷೆಯು ಚೇಂಬರ್ಲಿನ್ ಮತ್ತು ಬಾಯ್ಸ್ ಅವರದು, ವೃಕ್ಷವು ಬಾಯರ್ ಮತ್ತು ಮೆಕ್ರೈಟ್ ಅವರದು, ಸಂದೇಹನಿವಾರಣೆಗೆ ಬರ್ಕ್ಲಿಯ ಪರಂಪರೆ. ಸರ್ವರನ್ನು ಬಿಟ್ಟು ದತ್ತಸಂಚಯವನ್ನು ಒಂದು ಸಾಧಾರಣ ಕಡತದಲ್ಲಿ ಅಡಗಿಸಿದುದು ಹಿಪ್ ಅವರ ಸ್ವಂತ ಕಾಣಿಕೆ. ವಿದ್ಯೆಯೆಲ್ಲವೂ ಪೂರ್ವಿಕರಿಂದ ಬಂದುದು. ಕೃತಿಯು ಮಾತ್ರ, ಅದೂ ಎರಡನೆಯ ಹೆಜ್ಜೆಯಲ್ಲಿ, ಅವರದಾಯಿತು.

೬. ಹೊಸಬನಿಗೆ ಕಾಣದ ಭಾಗ

ಹಾಗಾದರೆ ಹೊಸಬನು ಹಿಪ್ ಅವರಂತೆಯೇ ಮಾಡಬಾರದೇಕೆ? ಇದಕ್ಕೆ ಉತ್ತರವು ದತ್ತಸಂಚಯದ ಕಾಣುವ ಭಾಗದಲ್ಲಿಲ್ಲ, ಕಾಣದ ಭಾಗದಲ್ಲಿದೆ. ನಮೂದುಗಳನ್ನು ಕಡತಕ್ಕೆ ಬರೆದು ಮತ್ತೆ ಓದುವ ಪ್ರೋಗ್ರಾಮನ್ನು ಬುದ್ಧಿವಂತನಾದ ವಿದ್ಯಾರ್ಥಿಯು ಕೆಲವೇ ದಿನಗಳಲ್ಲಿ ಬರೆಯಬಲ್ಲನು. ಅದು ಅವನ ಮೇಜಿನ ಮೇಲೆ ತಪ್ಪಿಲ್ಲದೆ ನಡೆಯುವುದು. ಆದರೆ ಹೊಸ ನಮೂದೊಂದನ್ನು ಸೇರಿಸುವಾಗ ಕಡತದಲ್ಲಿ ಎರಡು ಮೂರು ಸ್ಥಳಗಳು ಒಟ್ಟಿಗೆ ಬದಲಾಗಬೇಕು: ನಮೂದು ಸೇರಬೇಕು, ಅದರ ಅಕಾರಾದಿ ಸೂಚಿಯು ತಿದ್ದಲ್ಪಡಬೇಕು. ಮೊದಲನೆಯದಾಗಿ ಎರಡನೆಯದಾಗುವುದರೊಳಗೆ ವಿದ್ಯುಚ್ಛಕ್ತಿಯು ನಿಂತುಹೋದರೆ ಸೂಚಿಯೂ ಸಂಗ್ರಹವೂ ಒಂದನ್ನೊಂದು ಒಪ್ಪದೆ ಹೋಗುವುವು. ಅಲ್ಲದೆ, ಬರೆದೆನೆಂದು ಯಂತ್ರವು ಹೇಳಿದ ಮಾತ್ರಕ್ಕೆ ಬರೆಹವು ತಟ್ಟೆಯನ್ನು ಸೇರಿತೆಂದು ನಂಬುವಂತಿಲ್ಲ. ಅದು ಇನ್ನೂ ಕ್ಷಣಿಕವಾದ ಸ್ಮೃತಿಯಲ್ಲಿಯೇ ಕಾದಿರಬಹುದು.

ಎಸ್‌ಕ್ಯೂಲೈಟಿನ ಮೂಲವಿಧಾನದಲ್ಲಿ ಇದಕ್ಕೆ ಉಪಾಯವಿದೆ. ಬದಲಾಗಲಿರುವ ಪುಟಗಳ ಹಳೆಯ ರೂಪವನ್ನು ಮೊದಲು ಜರ್ನಲ್ ಎಂಬ ಬೇರೊಂದು ಕಡತಕ್ಕೆ ಪ್ರತಿಮಾಡಿ, ಆ ಪ್ರತಿಯು ತಟ್ಟೆಯನ್ನು ನಿಜವಾಗಿ ಸೇರುವವರೆಗೆ ಕಾದು, ಅನಂತರವೇ ಮೂಲಕಡತವನ್ನು ಮುಟ್ಟುವುದು. ಕೆಲಸವು ಪೂರ್ಣವಾದ ಮೇಲೆ ಜರ್ನಲನ್ನು ಅಳಿಸುವುದು. ನಡುವೆ ಕೆಟ್ಟರೆ, ಮರಳಿ ತೆರೆದಾಗ ಉಳಿದಿರುವ ಜರ್ನಲನ್ನು ಕಂಡು ಹಳೆಯ ರೂಪವನ್ನೇ ಸ್ಥಾಪಿಸುವುದು. ಹೇಳಲು ಇದು ನಾಲ್ಕು ವಾಕ್ಯ. ಎಲ್ಲ ಸಂದರ್ಭಗಳಲ್ಲಿಯೂ ಸರಿಯಾಗಿ ನಡೆಯುವಂತೆ ಮಾಡಲು ಹಿಡಿದ ಕಾಲವೆಷ್ಟು? ವಿಮಾನಗಳ ತಂತ್ರಾಂಶಕ್ಕೆ ವಿಧಿಸುವ ಕಠಿಣವಾದ ಪರೀಕ್ಷಾಕ್ರಮವನ್ನು ಅನುಸರಿಸಿ, ಕೃತಿಯ ತಿರುಳಿನಲ್ಲಿ ಪ್ರತಿಯೊಂದು ಕವಲೂ ಪರೀಕ್ಷಿತವಾಗುವ ಸ್ಥಿತಿಯನ್ನು ಎಸ್‌ಕ್ಯೂಲೈಟ್ ತಲಪಿದುದು ೨೦೦೯ರಲ್ಲಿ. ಮೊದಲ ಆವೃತ್ತಿಗೂ ಇದಕ್ಕೂ ನಡುವೆ ಒಂಬತ್ತು ವರ್ಷಗಳು ಸಂದಿದ್ದುವು. ಅದರ ಪರೀಕ್ಷೆಗಾಗಿ ಬರೆದ ಭಾಗವು ಮೂಲಕೃತಿಯ ಐನೂರು ಮಡಿಗಿಂತಲೂ ಹೆಚ್ಚಾಗಿದೆಯೆಂದು ರಚನಕಾರರು ತಿಳಿಸುವರು. ಸ್ವಂತವಾಗಿ ಕಟ್ಟಿದುದಕ್ಕೆ ತೆತ್ತ ಬೆಲೆಯಿದು.

ಜೀರ್ಣವಾಗುತ್ತಿರುವ ಓಲೆಯ ಪ್ರತಿಗಳನ್ನು ಊರೂರಿಗೆ ಹೋಗಿ ನೋಡಿ ಸೂಚಿಯನ್ನು ಸಿದ್ಧಪಡಿಸುವವನ ಸ್ಥಿತಿಯನ್ನು ಇಲ್ಲಿ ಯೋಚಿಸಬೇಕು. ಕೆಲವು ವರ್ಷಗಳ ಮೇಲೆ ಆ ಗರಿಯೇ ಉಳಿಯದೆ, ಅದರ ಮೊದಲ ಪದ್ಯವೂ ಲಿಪಿಕಾರನ ಹೆಸರೂ ಆ ಸೂಚಿಯಲ್ಲಿ ಮಾತ್ರವೇ ಉಳಿದಿರುವುದು ಅಸಂಭವವಲ್ಲ. ಅಂತಹ ಸಂಗ್ರಹವನ್ನು ಒಂದು ತಿಂಗಳಲ್ಲಿ ಬರೆದ ಅಪರೀಕ್ಷಿತ ಕೃತಿಗೆ ಒಪ್ಪಿಸುವುದು ಸಾಹಸವಲ್ಲ, ಅಪಚಾರ.

೭. ಪೂರ್ವಕೃತಿಯ ದೋಷಗಳು

ಹೀಗೆಂದ ಮಾತ್ರಕ್ಕೆ ಪೂರ್ವಕೃತಿಯನ್ನು ಕಣ್ಣುಮುಚ್ಚಿ ನಂಬಬೇಕೆಂದು ಅರ್ಥವಲ್ಲ. ಅದರ ಒಡೆತನವನ್ನು ಮೊದಲು ವಿಚಾರಿಸಬೇಕು. ಬರ್ಕ್ಲಿ ಡಿಬಿ ಎಂಬ ಪ್ರಸಿದ್ಧ ಕೃತಿಯು ೨೦೦೬ರಲ್ಲಿ ಒರಾಕಲ್ ಸಂಸ್ಥೆಯ ವಶವಾಯಿತು; ೨೦೧೩ರಲ್ಲಿ ಅದರ ಹೊಸ ಆವೃತ್ತಿಗೆ ಹಿಂದಿನದಕ್ಕಿಂತ ಬಿಗಿಯಾದ ಅನುಮತಿಪತ್ರವನ್ನು ವಿಧಿಸಲಾಯಿತು. ಅದನ್ನು ನೆಚ್ಚಿದ್ದವರು ಹಳೆಯ ಆವೃತ್ತಿಯಲ್ಲಿಯೇ ನಿಲ್ಲಬೇಕೆ, ಬೇರೆ ಆಶ್ರಯವನ್ನು ಹುಡುಕಬೇಕೆ ಎಂಬ ಚಿಂತೆಗೆ ಬಿದ್ದರು. ಎಸ್‌ಕ್ಯೂಲೈಟನ್ನು ಅದರ ಕರ್ತೃಗಳು ಸರ್ವರಿಗೂ ಸೇರಿದ ಸ್ವತ್ತಾಗಿ ಬಿಟ್ಟುಕೊಟ್ಟಿರುವುದರಿಂದ ಅಲ್ಲಿ ಈ ಭಯವಿಲ್ಲ.

ಎರಡನೆಯದಾಗಿ, ಪೂರ್ವಕೃತಿಯು ನಮ್ಮ ಅವಶ್ಯಕತೆಯನ್ನು ಬಲ್ಲುದೆ ಎಂಬುದನ್ನು ನೋಡಬೇಕು. ಕನ್ನಡದ ಕೆಲಸಕ್ಕೆ ಇದು ಬಹು ಮುಖ್ಯ. ಎಸ್‌ಕ್ಯೂಲೈಟ್ ಬೇರೆ ವಿಧಿಯಿಲ್ಲದಾಗ ಅಕ್ಷರಗಳನ್ನು ಅವುಗಳ ಯೂನಿಕೋಡ್ ಸಂಖ್ಯೆಯ ಕ್ರಮದಲ್ಲಿಯೇ ಜೋಡಿಸುವುದು. ನಮ್ಮ ವರ್ಣಮಾಲೆಯಲ್ಲಿ ಳಕಾರವು ಹಕಾರವಾದ ಮೇಲೆ ಬರುವುದು. ಯೂನಿಕೋಡಿನಲ್ಲಿಯಾದರೋ ಭಾರತೀಯ ಲಿಪಿಗಳಿಗೆಲ್ಲ ಸಾಧಾರಣವಾದ ಯೋಜನೆಯನ್ನನುಸರಿಸಿ ಅದು ಲಕಾರದ ಪಕ್ಕದಲ್ಲಿದೆ. ಆದುದರಿಂದ ‘ಕಳೆ’ ಎಂಬುದು ‘ಕವಿ’ಗಿಂತ ಮೊದಲು ಬಂದುಬಿಡುವುದು. ಕೇಶಿರಾಜನು ರಳವೆಂದು ಕರೆದ ೞಕಾರದ ಸ್ಥಿತಿ ಇನ್ನೂ ವಿಪರೀತ. ಅದರ ಸಂಖ್ಯೆಯು ವ್ಯಂಜನಗಳ ಸಾಲಿನಲ್ಲಿರದೆ ಸ್ವರಚಿಹ್ನೆಗಳೂ ವಿರಾಮಚಿಹ್ನೆಯೂ ಮುಗಿದ ಮೇಲೆ ಇದೆ. ಇದರ ಫಲವಾಗಿ ‘ಕೞ್ತೆ’ ಎಂಬ ಹಳಗನ್ನಡ ಶಬ್ದವು ‘ಕಾಡು’, ‘ಕಿವಿ’, ‘ಕೌತುಕ’, ‘ಕ್ರಮ’ ಇವೆಲ್ಲ ಆದ ಮೇಲೆ ಕಾಣಿಸಿಕೊಳ್ಳುವುದು. ಅಷ್ಟೇ ಅಲ್ಲ, ಯೂನಿಕೋಡಿನ ಪಟ್ಟಿಯಲ್ಲಿ ಈ ಅಕ್ಷರಕ್ಕೆ ಪ್ರಮಾದದಿಂದ ‘ಫ’ ಎಂಬ ಅರ್ಥದ ಹೆಸರು ಬಿದ್ದಿದೆ! ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಬಾರದೆಂಬ ನಿಯಮವಿರುವುದರಿಂದ, ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿ ಸುಮ್ಮನಾಗಿರುವರು.

ಈ ದೋಷವನ್ನು ಕಂಡ ಹೊಸಬನು ದತ್ತಸಂಚಯವನ್ನೇ ಹೊಸದಾಗಿ ಕಟ್ಟಬೇಕಾಗಿಲ್ಲ. ೨೦೦೪ರ ಮೂರನೆಯ ಆವೃತ್ತಿಯಿಂದ ಎಸ್‌ಕ್ಯೂಲೈಟಿನಲ್ಲಿ ಬಳಸುವವನು ತನ್ನದೇ ಅಕ್ಷರಕ್ರಮವನ್ನು ಬರೆದು ಜೋಡಿಸಲು ಅವಕಾಶವಿದೆ. ಎರಡು ಶಬ್ದಗಳಲ್ಲಿ ಯಾವುದು ಮೊದಲೆಂದು ಹೇಳುವ ಸಣ್ಣದೊಂದು ಭಾಗ, ಅಷ್ಟೇ ಅವನು ಬರೆಯಬೇಕಾದುದು. ವಿದ್ಯುತ್ತು ನಿಂತಾಗ ಕಡತವನ್ನು ಕಾಪಾಡುವ ವಿದ್ಯೆಯಲ್ಲಿ ಅವನು ಪೂರ್ವಿಕರನ್ನು ಮೀರಲಾರನು. ೞಕಾರದ ಸ್ಥಾನವೆಲ್ಲಿಯೆಂಬುದನ್ನಾದರೋ ಆ ಪೂರ್ವಿಕರಿಗೆ ಹೇಳಿಕೊಡಬಲ್ಲವನು ಅವನೇ.

೮. ಉಪಸಂಹಾರ

ಮೇಲೆ ಹೇಳಿದ ಸಂಗತಿಗಳಿಂದ ಪೂರ್ವಕೃತಿಯೂ ಸ್ವಕೃತಿಯೂ ಪರಸ್ಪರ ವಿರೋಧಿಗಳಲ್ಲವೆಂದೂ ಒಂದರ ಅನುಭವದಿಂದ ಇನ್ನೊಂದು ಹುಟ್ಟುವುದೆಂದೂ ಸಿದ್ಧವಾಗುತ್ತದೆ. ಇಲ್ಲಿ ನೋಡಿದ ಸ್ವತಂತ್ರ ನಿರ್ಮಾಪಕರಲ್ಲಿ ಹ್ಯೂಸ್, ವಿಡೇನಿಯಸ್, ಹಿಪ್ ಮೂವರೂ ಮೊದಲು ಪರಕೃತಿಯ ನೆರಳಿನಲ್ಲಿ ಕೆಲಸಮಾಡಿದವರೇ. ಕೊರತೆಯನ್ನು ಊಹಿಸಿ ಕಟ್ಟಿದವರಲ್ಲ. ಕೊರತೆಯು ಕೈಗೆ ತಗುಲಿದ ಮೇಲೆ, ತಗುಲಿದ ಸ್ಥಳದಲ್ಲಿ ಕಟ್ಟಿದವರು.

ಕಲಿಯುವುದಕ್ಕಾಗಿ ಕಟ್ಟುವುದನ್ನು ಮಾತ್ರ ಯಾರೂ ತಡೆಯಬಾರದು. ಕನೂತ್ ಅವರು ಬಿಟ್ಟ ಅಭ್ಯಾಸವನ್ನು ಬಿಡಿಸದವನಿಗೆ, ಇತರರು ಬಿಡಿಸಿಟ್ಟುದರ ಬೆಲೆ ತಿಳಿಯುವುದು ಕಷ್ಟ. ವಿದ್ಯಾರ್ಥಿಯು ಸಣ್ಣ ದತ್ತಸಂಚಯವೊಂದನ್ನು ಬರೆಯಲಿ, ನಡುವೆ ಬೇಕೆಂದೇ ಯಂತ್ರವನ್ನು ನಿಲ್ಲಿಸಿ ಅದು ಹೇಗೆ ಕೆಡುವುದೆಂಬುದನ್ನು ಕಣ್ಣಾರೆ ನೋಡಲಿ. ಆದರೆ ಅಭ್ಯಾಸದ ಹಲಗೆ ಬೇರೆ, ಭಂಡಾರದ ಪೆಟ್ಟಿಗೆ ಬೇರೆ. ಇತರರು ನಂಬಿ ಒಪ್ಪಿಸಿದ ಸಂಗ್ರಹವು ಪರೀಕ್ಷಿತವಾದ ಕೃತಿಯಲ್ಲಿಯೇ ಇರಬೇಕು. ಅದಕ್ಕೆ ತಿಳಿಯದ ನಮ್ಮ ಭಾಷೆಯ ವಿಶೇಷಗಳನ್ನು ಮಾತ್ರ ನಾವು ಬರೆದು ಸೇರಿಸಬೇಕು. ಹಳಗನ್ನಡದ ಶಬ್ದಗಳನ್ನೂ ಓಲೆಯ ಪ್ರತಿಗಳ ಸೂಚಿಗಳನ್ನೂ ಯಂತ್ರಕ್ಕೆ ಒಪ್ಪಿಸುವವರು ಇನ್ನು ಮುಂದೆ ಹೆಚ್ಚುವರೇ ಹೊರತು ಕಡಮೆಯಾಗುವಂತಿಲ್ಲ. ಅವರ ಶ್ರಮವು ಬುನಾದಿಯನ್ನು ಮತ್ತೆ ಅಗೆಯುವುದರಲ್ಲಿ ಕಳೆಯದೆ, ಱಕಾರ ೞಕಾರಗಳ ಸ್ಥಾನವನ್ನು ನಿರ್ಣಯಿಸುವುದರಲ್ಲಿ ಸಾರ್ಥಕವಾಗಲಿ.